ಪಿಯುಸಿ ಮುಗಿದ ಬೇಸಿಗೆ

ಆ ವರ್ಷ ನಮ್ಮ ಹಾಸ್ಟೆಲ್‌ನಲ್ಲಿ ಅತಿ ಹೆಚ್ಚು ಕೈ ಬದಲಾದ ಪುಸ್ತಕಕ್ಕೆ ಖಾಕಿ ಬೈಂಡು ಹಾಕಿತ್ತು. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಇತಿಹಾಸ, ದ್ವಿತೀಯ ಪಿಯುಸಿ’ ಎಂದು ಬರೆದಿತ್ತು. ಒಳಗಡೆ ಇತಿಹಾಸ ಇರಲಿಲ್ಲ. ಸದಾ ಗಂಟುಮುಖದ ಒಬ್ಬ ಶ್ರೀಮಂತರ ಮನೆ ಹುಡುಗ, ಬಾಯಿ ಮುಚ್ಚದ ಒಬ್ಬ ಮೇಷ್ಟ್ರ ಮಗಳು, ಇಬ್ಬರ ನಡುವೆ ನೂರೈವತ್ತು ಪುಟ ಜಗಳ ಇತ್ತು. ಮೊದಲ ನಾಲ್ಕು ಪುಟ ಹರಿದುಹೋಗಿದ್ದರಿಂದ ಅದರ ಹೆಸರು ನಮಗೆ ಕೊನೆಗೂ ತಿಳಿಯಲಿಲ್ಲ. ನಮ್ಮ ಪಾಲಿಗೆ ಅದು ‘ಇತಿಹಾಸ’.

ಇದನ್ನು ಬರೆಯುತ್ತಿರುವ ನಾವು ಐದು ಜನ. ಅದರಲ್ಲಿ ಇಬ್ಬರು ಚಿತ್ರದುರ್ಗ ಜಿಲ್ಲೆಯ ಆ ಹಾಸ್ಟೆಲ್‌ನವರು. ಇನ್ನೊಬ್ಬಳು ಬೇರೆ ಜಿಲ್ಲೆಯಲ್ಲಿ ಇದೇ ಕೆಲಸವನ್ನು ಅರ್ಥಶಾಸ್ತ್ರದ ಬೈಂಡು ಹಾಕಿ ಮಾಡಿದವಳು. ಉಳಿದ ಇಬ್ಬರು ಹುಡುಗರು. ಅವರು ಪ್ರೇಮ ಕಾದಂಬರಿ ಓದಿದವರಲ್ಲ, ಪ್ರೇಮದ ಸಿನಿಮಾ ನೋಡಿ ಬೆಳೆದವರು. ಪತ್ರಿಕೋದ್ಯಮದ ಎಂ.ಎ. ತರಗತಿಯಲ್ಲಿ ಐವರೂ ಒಂದಾದೆವು. ಹಾಗಾಗಿ ಈ ಬರಹದಲ್ಲಿ ‘ನಾವು’ ಅಂದರೆ ಕೆಲವೊಮ್ಮೆ ಇಬ್ಬರು, ಕೆಲವೊಮ್ಮೆ ಐವರು.

ಪ್ರತಿ ವರ್ಷ ಪಿಯುಸಿ ಪರೀಕ್ಷೆ ಮುಗಿದು, ಹುಡುಗಿಯರು ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ನಿಂತದ್ದನ್ನು ಕಂಡಾಗ ನಮಗೆ ಆ ‘ಇತಿಹಾಸ’ ನೆನಪಾಗುತ್ತದೆ. ಅದನ್ನು ಓದಿ ಹೇಳುತ್ತಿದ್ದವಳೂ ನೆನಪಾಗುತ್ತಾಳೆ.

ಅವಳ ಹೆಸರು ಬರೆಯುವುದಿಲ್ಲ. ಅವಳೇ ಬೇಡ ಎಂದಿದ್ದಾಳೆ.

ರಾತ್ರಿ ಒಂಬತ್ತೂವರೆಗೆ ಲೈಟು ಆರಿಸಬೇಕಿತ್ತು. ಆಮೇಲೆ ಅವಳು ಕಂಬಳಿಯೊಳಗೆ ಟಾರ್ಚ್ ಹಿಡಿದು ಓದುತ್ತಿದ್ದಳು. ಸುತ್ತ ಏಳೆಂಟು ಜನ ಕೇಳುತ್ತಿದ್ದೆವು. ಹುಡುಗನ ಮಾತಿಗೆ ದಪ್ಪ ಧ್ವನಿ, ಹುಡುಗಿಯ ಮಾತಿಗೆ ತನ್ನದೇ ಧ್ವನಿ, ಹುಡುಗನ ತಾಯಿಯ ಮಾತಿಗೆ ನಮ್ಮ ಅಡುಗೆ ಅಕ್ಕನ ಧ್ವನಿ. ಒಂದು ರಾತ್ರಿ ವಾರ್ಡನ್ ಮೇಡಂ ಬಾಗಿಲು ತಟ್ಟಿ, “ಏನ್ರೇ ಅದು, ಇಷ್ಟೊತ್ತಲ್ಲಿ?” ಎಂದರು.

“ಇತಿಹಾಸ ಮೇಡಂ. ಎರಡನೇ ಮಹಾಯುದ್ಧ,” ಎಂದಳು ಇವಳು.

ಆ ಪುಟದಲ್ಲಿ ನಡೆಯುತ್ತಿದ್ದ ಜಗಳ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ.

ಇಂಥ ಕಥೆಗಳ ಜಾಡು ಓದಿದವರಿಗೆಲ್ಲ ಗೊತ್ತು. ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ಒಬ್ಬರಿಗೆ ಮಾತು ಬೇಕು, ಇನ್ನೊಬ್ಬರಿಗೆ ಮೌನ ಬೇಕು. ಒಬ್ಬರು ಪುಸ್ತಕದ ಹುಳು, ಇನ್ನೊಬ್ಬರು ಕೊನೆ ಬೆಂಚು. ತಾವಾಗಿ ಹತ್ತಿರ ಬರುವ ಜನ ಅಲ್ಲವಾದ್ದರಿಂದ ಕಥೆ ಬರೆಯುವವರು ಇಬ್ಬರನ್ನೂ ಒಂದು ಕಡೆ ಕಟ್ಟಿಹಾಕುತ್ತಾರೆ. ಕಾಲೇಜಿನ ನಾಟಕವೋ, ಲ್ಯಾಬೋ, ಕೆಟ್ಟುನಿಂತ ಬಸ್ಸೋ ಏನಾದರೊಂದು ಬೇಕು. ಮೊದಲು ಜಗಳ. ಆಮೇಲೆ ಒಬ್ಬರ ಕಷ್ಟ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಆಮೇಲೆ ಪ್ರೀತಿ, ನಡುವೆ ಒಂದು ದೊಡ್ಡ ತಪ್ಪು ತಿಳಿವಳಿಕೆ, ಕೊನೆಗೆ ಸುಖಾಂತ್ಯ.

ಕೊನೆ ಗೊತ್ತಿದ್ದೂ ಯಾಕೆ ಓದುತ್ತಿದ್ದೆವು? ಯಕ್ಷಗಾನದಲ್ಲಿ ದುರ್ಯೋಧನ ಸೋಲುತ್ತಾನೆ ಎಂದು ಗೊತ್ತಿದ್ದೂ ಜನ ಬೆಳಗಿನವರೆಗೆ ಕೂರುವುದಿಲ್ಲವೇ, ಹಾಗೆ. ಏನಾಗುತ್ತದೆ ಅನ್ನುವುದಕ್ಕಿಂತ ಹೇಗಾಗುತ್ತದೆ ಅನ್ನುವುದು ರುಚಿ.

ಪುಸ್ತಕಗಳು ಯಾರದೋ ಅಕ್ಕನ ಟ್ರಂಕಿನಿಂದ ಬರುತ್ತಿದ್ದವು, ಇಲ್ಲವೇ ಬಸ್‌ಸ್ಟ್ಯಾಂಡ್ ಪಕ್ಕದ ಹಳೇ ಪುಸ್ತಕದ ರಾಶಿಯಿಂದ. ಸಾಯಿಸುತೆ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ತ್ರಿವೇಣಿ. ಈ ಹೆಸರುಗಳು ನಮಗೆ ಪಠ್ಯಪುಸ್ತಕದ ಕವಿಗಳಿಗಿಂತ ಹತ್ತಿರದವು. ಕೆಲವು ಪುಸ್ತಕಗಳ ಅಂಚಿನಲ್ಲಿ ಹಿಂದೆ ಓದಿದವರು ಪೆನ್ಸಿಲ್ಲಿನಲ್ಲಿ ಬರೆದ ಬೈಗುಳ ಇರುತ್ತಿತ್ತು. ನಾಯಕನಿಗೆ ನಾವೂ ಒಂದೆರಡು ಸೇರಿಸುತ್ತಿದ್ದೆವು.

‘ಇತಿಹಾಸ’ ಮುಗಿಯಲು ಸುಮಾರು ಮೂವತ್ತು ಪುಟ ಬಾಕಿ ಇದ್ದಾಗ ಪರೀಕ್ಷೆ ಬಂತು. ಪರೀಕ್ಷೆ ಮುಗಿದ ರಾತ್ರಿ ಎಲ್ಲರೂ ಸೇರಿ ಮುಗಿಸೋಣ ಎಂದು ಒಪ್ಪಂದವಾಯಿತು. ಕಡಲೆಬೀಜ, ಬೆಲ್ಲ ಕೂಡ ಕೂಡಿಟ್ಟಿದ್ದೆವು.

ಕೊನೆಯ ಪೇಪರ್ ಬರೆದು ಹೊರಗೆ ಬಂದಾಗ ಅವಳ ಸೋದರಮಾವ ಗೇಟಿನ ಹತ್ತಿರ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. “ನಾಳೆ ನೋಡೋಕೆ ಬರ್ತಾರೆ, ಬೇಗ ಹೊರಡವ್ವ,” ಎಂದರು. ಅವಳು ಒಳಗೆ ಹೋಗಿ ಬಟ್ಟೆ ತುಂಬಿಕೊಂಡಳು. ಆ ಗಡಿಬಿಡಿಯಲ್ಲಿ ಪುಸ್ತಕವೂ ಅವಳ ಬ್ಯಾಗಿನೊಳಗೆ ಹೋಯಿತು. ಫಲಿತಾಂಶ ಬರುವಷ್ಟರಲ್ಲಿ ಲಗ್ನಪತ್ರಿಕೆ ಅಚ್ಚಾಗಿತ್ತು. ನಮ್ಮೆಲ್ಲರಿಗಿಂತ ಹೆಚ್ಚು ಅಂಕ ತೆಗೆದಿದ್ದಳು. ಮದುವೆ ಮೇ ತಿಂಗಳಲ್ಲಿ. ನಾವಿಬ್ಬರೂ ಹೋಗಿದ್ದೆವು. ಊಟಕ್ಕೆ ಕೂತಾಗ ನಮ್ಮಲ್ಲೊಬ್ಬಳು, “ಆ ಬುಕ್ಕು?” ಎಂದು ಕೇಳಬೇಕೆಂದು ಬಾಯಿ ತೆರೆದು, ಸುಮ್ಮನಾದಳು. ಅಷ್ಟು ಜನರ ಮುಂದೆ ಕೇಳುವ ಮಾತಲ್ಲ ಅದು.

ನಾವು ಡಿಗ್ರಿಗೆ ಸೇರಿದೆವು. ನಮ್ಮಲ್ಲಿ ಒಬ್ಬಳ ಮನೆಯಲ್ಲಿ ಅಣ್ಣ ಹಟ ಹಿಡಿದ, ಇನ್ನೊಬ್ಬಳ ಮನೆಯಲ್ಲಿ ಅಜ್ಜಿ. ಆ ಇಬ್ಬರು ಇರದಿದ್ದರೆ ನಮ್ಮ ಲಗ್ನಪತ್ರಿಕೆಯೂ ಅದೇ ಬೇಸಿಗೆಯಲ್ಲಿ ಅಚ್ಚಾಗುತ್ತಿತ್ತು. ಇದರಲ್ಲಿ ನಮ್ಮ ಬುದ್ಧಿವಂತಿಕೆ ಏನೂ ಇಲ್ಲ.

ಎಂ.ಎ.ಗೆ ಬಂದಾಗ ಐವರಿಗೂ ಇಂಗ್ಲಿಷ್ ದೊಡ್ಡ ತೊಡಕಾಗಿತ್ತು. ಕನ್ನಡ ಮಾಧ್ಯಮದಿಂದ ಬಂದವರು ನಾವು. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿದರೆ ನಿದ್ದೆ ಬರುತ್ತಿತ್ತು. ಸೀನಿಯರ್ ಅಕ್ಕ ಒಬ್ಬರು, “ಸುಲಭದ ಪ್ರೇಮಕಥೆ ಹಿಡ್ಕೊಳ್ರಿ, ಪುಟ ತಾನಾಗೇ ತಿರುಗುತ್ತೆ,” ಎಂದು ಒಂದು ಕಾದಂಬರಿ ಕೊಟ್ಟರು. ಹೆಸರು ‘ವೆನ್ ಡಿಂಪಲ್ ಮೆಟ್ ರಿಷಿ’. ಬರೆದವರು ಸಂಧ್ಯಾ ಮೆನನ್. ಭಾರತದಲ್ಲಿ ಹುಟ್ಟಿ ಬೆಳೆದು, ಹದಿಹರೆಯದಲ್ಲಿ ಅಮೆರಿಕಕ್ಕೆ ಹೋದವರು. ಪುಸ್ತಕ ಬಂದದ್ದು 2017ರಲ್ಲಿ. ಇದನ್ನೇ ಆಧರಿಸಿ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಮಿಸ್‌ಮ್ಯಾಚ್ಡ್’ ಎಂಬ ಹಿಂದಿ ಸರಣಿ ಬಂತು. ಕಥೆಯನ್ನು ಜೈಪುರಕ್ಕೆ ತಂದಿದ್ದಾರೆ. ಅದರ ತುಣುಕುಗಳು ನಿಮ್ಮ ಫೋನಿಗೂ ಬಂದಿರಬಹುದು.

ಕಥೆ ಇಷ್ಟು. ಡಿಂಪಲ್ ಶಾ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಭಾರತೀಯ ಮೂಲದ ಹುಡುಗಿ. ಹೈಸ್ಕೂಲು ಈಗಷ್ಟೇ ಮುಗಿದಿದೆ. ಅಲ್ಲಿ ಹೈಸ್ಕೂಲು ಅಂದರೆ ನಮ್ಮ ಪಿಯುಸಿವರೆಗಿನ ಓದು. ಅವಳಿಗೆ ಕಂಪ್ಯೂಟರ್ ಕೋಡಿಂಗ್ ಅಂದರೆ ಪ್ರಾಣ. ಅವಳ ಅಮ್ಮನಿಗೆ ಮಗಳು ಕಾಡಿಗೆ ಹಚ್ಚಿಕೊಳ್ಳಲಿ, ಒಳ್ಳೆ ಗಂಡು ಸಿಗಲಿ ಎಂಬ ಚಿಂತೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೋಡಿಂಗ್ ಕಲಿಸುವ ಒಂದು ಬೇಸಿಗೆ ಶಿಬಿರಕ್ಕೆ ಹೋಗುತ್ತೇನೆ ಎಂದಾಗ ಮನೆಯವರು ತಕ್ಷಣ ಒಪ್ಪುತ್ತಾರೆ. ಅವಳಿಗೇ ಆಶ್ಚರ್ಯ. ನಿಜ ಏನೆಂದರೆ, ಅದೇ ಶಿಬಿರಕ್ಕೆ ರಿಷಿ ಪಟೇಲ್ ಎಂಬ ಹುಡುಗನೂ ಬರುತ್ತಿದ್ದಾನೆ. ಎರಡೂ ಮನೆಯವರು ಆಗಲೇ ಮಾತಾಡಿಕೊಂಡಿದ್ದಾರೆ. ಈ ಸಂಗತಿ ಹುಡುಗನಿಗೆ ಗೊತ್ತು, ಹುಡುಗಿಗೆ ಗೊತ್ತಿಲ್ಲ.

ಇದನ್ನು ಓದಿದಾಗ ನಾವು ಮೂವರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಮೆರಿಕದ ಕಥೆಯಾದರೂ ಅಲ್ಲೂ ಯಾರೋ ಗೇಟಿನ ಹತ್ತಿರ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದಂತೆ ಕಂಡಿತು.

ರಿಷಿ ಒಳ್ಳೆಯ ಹುಡುಗ. ಹಿರಿಯರ ಮಾತು, ಸಂಪ್ರದಾಯ ಎಲ್ಲದರಲ್ಲೂ ನಂಬಿಕೆ ಇರುವವನು. ಮನೆತನದ ಉಂಗುರವನ್ನೂ ಜೊತೆಗೆ ತಂದಿದ್ದಾನೆ. ಡಿಂಪಲ್ ಕಂಡೊಡನೆ ನಗುತ್ತಾ ಬಂದು ಅವಳನ್ನು ತನ್ನ ಭಾವಿ ಹೆಂಡತಿ ಎಂದೇ ಮಾತಾಡಿಸುತ್ತಾನೆ. ಯಾರೋ ಗುರುತಿಲ್ಲದವನು ಹೀಗಂದರೆ? ಡಿಂಪಲ್ ಕೈಯಲ್ಲಿದ್ದ ಐಸ್ ಕಾಫಿಯನ್ನು ಅವನ ಮುಖಕ್ಕೆ ಎರಚಿ ಓಡಿಹೋಗುತ್ತಾಳೆ.

ಇಲ್ಲಿಗೆ ಬಂದಾಗ ನಮ್ಮ ಹುಡುಗರಲ್ಲೊಬ್ಬ, “ಲೋ, ನಮ್ಮ ಸಿನಿಮಾ ಆಗಿದ್ರೆ ಇಲ್ಲಿಂದ ಹಾಡು ಶುರು,” ಎಂದ. ಎಲ್ಲರೂ ನಕ್ಕೆವು. ಮುಂದಿನ ಪುಟಗಳಲ್ಲಿ ಹಾಡು ಬರಲಿಲ್ಲ. ಡಿಂಪಲ್‌ಗೆ ಏನೂ ಹೇಳಿಲ್ಲ ಎಂದು ತಿಳಿದಾಗ ರಿಷಿಗೆ ನಾಚಿಕೆಯಾಗುತ್ತದೆ. ಅವನು ಕ್ಷಮೆ ಕೇಳುತ್ತಾನೆ. ಮದುವೆಯ ಮಾತು ಬದಿಗಿಟ್ಟು, ಬರೀ ಸ್ನೇಹ ಸಾಕು ಎಂದು ಒಪ್ಪುತ್ತಾನೆ.

ಆ ರಾತ್ರಿ ಅದೇ ಹುಡುಗ ನಮಗೆಲ್ಲ ಒಂದು ವಿಷಯ ಹೇಳಿದ. ಪಿಯುಸಿಯಲ್ಲಿ ಅವನು ಒಬ್ಬ ಹುಡುಗಿಯ ಹಿಂದೆ ಬಸ್‌ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ಮೂರು ತಿಂಗಳು ನಡೆದಿದ್ದನಂತೆ. ಕೆಟ್ಟ ಮಾತು ಆಡಿರಲಿಲ್ಲ, ಸುಮ್ಮನೆ ನಡೆದದ್ದು. ಅವಳು ಬೈದರೆ ಅದೂ ಪ್ರೀತಿಯ ಮೊದಲ ಹಂತ ಎಂದುಕೊಂಡಿದ್ದ. ಸಿನಿಮಾದಲ್ಲಿ ಹಾಗೇ ಅಲ್ಲವೇ? ಅವಳು ಮೊದಲು ಬಸ್ಸು ಬದಲಾಯಿಸಿದಳು. ಆಮೇಲೆ ಕಾಲೇಜಿಗೇ ಬರಲಿಲ್ಲ.

“ಯಾಕೆ ಬಿಟ್ಟಳು ಅಂತ ನಾನು ವಿಚಾರಿಸಲೇ ಇಲ್ಲ,” ಎಂದ. “ನಂಗೆ ಸಿನಿಮಾ ಮುಗೀತು, ಅಷ್ಟೇ. ಅವಳಿಗೆ ಓದು ಮುಗೀತೇನೋ.”

ಯಾರೂ ಮಾತಾಡಲಿಲ್ಲ. ಈ ಭಾಗ ಬರೆಯಬೇಕೋ ಬೇಡವೋ ಎಂದು ನಮ್ಮಲ್ಲಿ ವಾದವಾಯಿತು. ಬರೆಯಿರಿ ಎಂದವನು ಅವನೇ. ಇದನ್ನು ಓದುವ ಹುಡುಗರಲ್ಲಿ ಯಾರಾದರೂ ಈಗ ಯಾರದಾದರೂ ಹಿಂದೆ ನಡೆಯುತ್ತಿದ್ದರೆ, ದಯವಿಟ್ಟು ನಿಲ್ಲಿಸಿ. ನಿಮ್ಮಿಂದ ಅವಳ ಓದು ನಿಲ್ಲಬಹುದು. ಮನೆಯವರು ನಿಮ್ಮನ್ನು ತಡೆಯುವುದಿಲ್ಲ, ಅವಳನ್ನು ತಡೆಯುತ್ತಾರೆ.

ಮುಂದೆ ಡಿಂಪಲ್, ರಿಷಿ ಇಬ್ಬರನ್ನೂ ಒಂದೇ ಪ್ರಾಜೆಕ್ಟಿಗೆ ಹಾಕುತ್ತಾರೆ. ಅವಳು ಮುಂಗೋಪಿ, ಎಲ್ಲವನ್ನೂ ಪ್ರಶ್ನಿಸುವವಳು. ಅವನು ನಿಧಾನಸ್ಥ, ಎಲ್ಲದಕ್ಕೂ ಹೂಂ ಎನ್ನುವವನು. ಅವಳಿಗೆ ತಾನು ಏನಾಗಬೇಕು ಎಂಬುದು ಸ್ಪಷ್ಟವಾಗಿದೆ. ಅವನಿಗೆ ಒಳಗೊಳಗೇ ಚಿತ್ರಕಥೆ ಬರೆಯುವ, ಅಂದರೆ ಕಾಮಿಕ್ಸ್ ಬಿಡಿಸುವ ಹುಚ್ಚು. ಆದರೂ ಅಪ್ಪ ಅಮ್ಮನಿಗೆ ಬೇಸರವಾಗಬಾರದೆಂದು ಎಂಜಿನಿಯರಿಂಗ್ ಓದಲು ಹೊರಟಿದ್ದಾನೆ. ಇವಳ ಧೈರ್ಯ ಅವನಿಗೆ ಸ್ವಲ್ಪ ಅಂಟುತ್ತದೆ, ಅವನ ತಾಳ್ಮೆ ಇವಳಿಗೆ ಸ್ವಲ್ಪ ಅಂಟುತ್ತದೆ. ಕೊನೆಗೆ ಅವಳು ತನಗೆ ಬೇಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೇ ಹೋಗುತ್ತಾಳೆ. ಓದಿನ ದಾರಿ ಬದಲಾಯಿಸುವವನು ಹುಡುಗ.

ಇದು ನಮಗೆ ಹೊಸದಾಗಿ ಕಂಡಿತು. ಯಾಕೆಂದರೆ ನಾವು ಕಂಡ ಕಥೆಗಳಲ್ಲಿ ಎಣ್ಣೆ ಸೀಗೇಕಾಯಿ ಸೇರಬೇಕಾದರೆ ಹೆಚ್ಚಾಗಿ ಬಗ್ಗುತ್ತಿದ್ದವಳು ಹುಡುಗಿ. 1986ರ ‘ಅನುರಾಗ ಅರಳಿತು’ ನೆನಪಿಸಿಕೊಳ್ಳಿ. ಎಚ್.ಜಿ. ರಾಧಾದೇವಿ ಅವರ ಕಾದಂಬರಿ ಆಧರಿಸಿದ ಸಿನಿಮಾ. ರಾಜ್‌ಕುಮಾರ್ ಮೆಕ್ಯಾನಿಕ್, ಮಾಧವಿ ಸಿರಿವಂತೆ, ಕಾರ್ಖಾನೆಯ ಒಡತಿ, ಗರ್ವಿಷ್ಠೆ. ಜನ ಎಷ್ಟು ಮೆಚ್ಚಿದರು ಅಂದರೆ ಅದು ತಮಿಳಿಗೆ ‘ಮನ್ನನ್’ ಆಗಿ, ತೆಲುಗಿಗೆ ‘ಘರಾನಾ ಮೊಗುಡು’ ಆಗಿ, ಹಿಂದಿಗೆ ‘ಲಾಡ್ಲಾ’ ಆಗಿ ಹೋಯಿತು. ನಾಲ್ಕೂ ಭಾಷೆಯಲ್ಲಿ ಕೊನೆಗೆ ಇಳಿಯುವುದು ಹೆಣ್ಣಿನ ಸೊಕ್ಕೇ. ಟೀವಿಯಲ್ಲಿ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಗಂಡಸರು ಹೆಂಗಸರು ಇಬ್ಬರೂ ಚಪ್ಪಾಳೆ ತಟ್ಟಿ ನೋಡಿದ್ದೇವೆ. ನಾವೂ ತಟ್ಟಿದ್ದೇವೆ, ಅದರಲ್ಲಿ ಸುಳ್ಳಿಲ್ಲ.

ಎಲ್ಲ ಕಥೆಗಳೂ ಹಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ತ್ರಿವೇಣಿಯವರ ‘ಬೆಳ್ಳಿಮೋಡ’ದ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ತಪ್ಪಿತು ಎಂದು ಮದುವೆ ಆಗಬೇಕಿದ್ದ ಮೋಹನ್ ಹಿಂದೆ ಸರಿಯುತ್ತಾನೆ. ಮುಂದೆ ಅವನಿಗೆ ಪೆಟ್ಟಾಗಿ ಬಿದ್ದಾಗ ಅವಳೇ ಆರೈಕೆ ಮಾಡುತ್ತಾಳೆ. ಆಗ ಅವನಿಗೆ ಮನಸ್ಸು ಬದಲಾಗಿ, ಮದುವೆಯಾಗುತ್ತೇನೆ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಪುಟ್ಟಣ್ಣ ಕಣಗಾಲ್ ಇದನ್ನು 1967ರಲ್ಲಿ ಸಿನಿಮಾ ಮಾಡಿದರು. ಕಲ್ಪನಾ ಇಂದಿರಾ ಆಗಿದ್ದರು. ಅಮೆರಿಕದ ಡಿಂಪಲ್ ಕಾಫಿ ಎರಚುವ ಐವತ್ತು ವರ್ಷ ಮೊದಲೇ ಚಿಕ್ಕಮಗಳೂರಿನ ಕಾಫಿ ಸೀಮೆಯ ಹುಡುಗಿಯೊಬ್ಬಳು ಒಂದು ಹನಿ ಚೆಲ್ಲದೆ ‘ಬೇಡ’ ಎಂದಿದ್ದಳು.

ಆದರೆ ಡಿಂಪಲ್ ಕಥೆ ಓದಿ ಮುಗಿಸಿದ ಮೇಲೆ ಒಂದು ವಿಷಯ ನಮಗೆ ಮುಳ್ಳಿನಂತೆ ಚುಚ್ಚತೊಡಗಿತು. ಅದು ವಯಸ್ಸಿನ ವಿಷಯ.

ಡಿಂಪಲ್‌ಗೆ ಹದಿನೆಂಟು. ಆ ದೇಶದ ಕಥೆಗಳಲ್ಲಿ ಶಾಲೆ ಮುಗಿಯುವ ಬೇಸಿಗೆಗೆ ಬಹಳ ಬೆಲೆ. ಮನೆ ಬಿಟ್ಟು ಬೇರೆ ಊರಿನ ಕಾಲೇಜಿಗೆ ಹೋಗುವ ಮೊದಲಿನ ಎರಡು ಮೂರು ತಿಂಗಳು ಅದು. ನಾನು ಯಾರು, ಏನಾಗಬೇಕು, ಯಾರ ಜೊತೆ ಇರಬೇಕು ಎಂದು ಯೋಚಿಸಲು ಸಿಕ್ಕ ಬಿಡುವು. ಅದಕ್ಕೇ ಇಂಥ ಪ್ರೇಮಕಥೆಗಳು ಆ ಬೇಸಿಗೆಯಲ್ಲೇ ನಡೆಯುತ್ತವೆ.

ನಮ್ಮಲ್ಲೂ ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ಹದಿನೆಂಟು. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ ಎನ್ನುತ್ತದೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ. ಎಳೆ ಮಕ್ಕಳನ್ನು ಕಾಪಾಡಲು ಬಂದ ಕಾನೂನು, ಕಾಪಾಡಿದೆ ಕೂಡ. ಆದರೆ ನಮ್ಮ ಕಡೆ ಅದನ್ನು ಓದಿಕೊಂಡ ರೀತಿಯೇ ಬೇರೆ. ಹದಿನೆಂಟರೊಳಗೆ ಮಾಡಬಾರದು ಅನ್ನುವುದನ್ನು ಹದಿನೆಂಟಕ್ಕೆ ಮಾಡಬೇಕು ಎಂದು ಓದಿಕೊಂಡಿದ್ದಾರೆ. ಪರೀಕ್ಷೆಯ ಕೊನೆ ಪೇಪರೂ ಹದಿನೆಂಟನೇ ವರ್ಷವೂ ಒಟ್ಟೊಟ್ಟಿಗೆ ಬರುವುದರಿಂದ, ಹುಡುಗಿ ಪೆನ್ನು ಮುಚ್ಚುವುದಕ್ಕೂ ಮನೆಯಲ್ಲಿ ಪಂಚಾಂಗ ತೆರೆಯುವುದಕ್ಕೂ ಸರಿಹೋಗುತ್ತದೆ.

ಹುಡುಗನಿಗೆ ಅದೇ ಕಾನೂನು ಇನ್ನೂ ಮೂರು ವರ್ಷ ಕೊಡುತ್ತದೆ. ಮೂರು ವರ್ಷ ಅಂದರೆ ಒಂದು ಡಿಗ್ರಿ. ಹುಡುಗಿಯರಿಗೂ 21 ಮಾಡುವ ಮಸೂದೆ 2021ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದಿತ್ತು. ಸಮಿತಿಗೆ ಹೋಯಿತು, 2024ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೆ ಅದೂ ಮುಗಿಯಿತು. ಅದು ಬಂದಿದ್ದರೆ ಒಳ್ಳೆಯದಿತ್ತೋ ಇಲ್ಲವೋ, ನಮ್ಮ ಐವರಲ್ಲೇ ಎರಡು ಪಕ್ಷ ಇದೆ. ವಯಸ್ಸು ಹೆಚ್ಚಿಸಿದರೆ ಓದಿಸುತ್ತಾರೆ ಎಂದು ಇಬ್ಬರು. ಓದಿಸದೆ ಮನೆಯಲ್ಲಿ ಕೂರಿಸುತ್ತಾರೆ ಎಂದು ಮೂವರು. ಆದರೆ ಒಂದು ಮಾತಿಗೆ ಐವರೂ ಒಪ್ಪುತ್ತೇವೆ: ಹುಡುಗಿಗೆ ಆ ಬೇಸಿಗೆ ಬೇಕು.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಡಿಂಪಲ್ ರಿಷಿ ಇಬ್ಬರನ್ನೂ ನಾವು ವಿರುದ್ಧ ಧ್ರುವಗಳು ಅಂದೆವು. ನಿಜವಾಗಿ ಎಷ್ಟು ವಿರುದ್ಧ? ಇಬ್ಬರ ಮನೆಯವರೂ ಭಾರತದಿಂದ ಹೋದವರು, ಇಬ್ಬರ ಮನೆಯಲ್ಲೂ ಓದಿಸುವ ಶಕ್ತಿ ಇದೆ, ಹಿರಿಯರೇ ನೋಡಿ ಒಪ್ಪಿದ ಜೋಡಿ. ವಿರುದ್ಧ ಇರುವುದು ಸ್ವಭಾವ ಮಾತ್ರ. ನಮ್ಮ ‘ಇತಿಹಾಸ’ದಲ್ಲೂ ಅಷ್ಟೇ. ಹುಡುಗ ಶ್ರೀಮಂತ, ಹುಡುಗಿ ಬಡವಿ. ಆದರೆ ಜಾತಿ ಬೇರೆ ಅಂತ ಎಲ್ಲೂ ಬರಲಿಲ್ಲ. ನಾವು ಓದಿದ ಇಂಥ ಎಷ್ಟೋ ಕಾದಂಬರಿಗಳಲ್ಲಿ ಜಾತಿಯ ಮಾತೇ ಎತ್ತದೆ ಕಥೆ ಮುಗಿಯುತ್ತದೆ. ಊಟದಲ್ಲಿ ಕಲ್ಲು ಸಿಕ್ಕರೂ ಪಕ್ಕಕ್ಕೆ ಸರಿಸಿ ಉಂಡ ಹಾಗೆ.

ಸರಿಸದೆ ಬರೆದವರು ನಮ್ಮ ದುರ್ಗದಲ್ಲೇ ಇದ್ದರು. ತ.ರಾ.ಸು. ಅವರ ಮೂರು ಕಾದಂಬರಿಗಳು, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’, ಸೇರಿ 1972ರ ‘ನಾಗರಹಾವು’ ಸಿನಿಮಾ ಆಯಿತು. ಕಾಲೇಜು ಓದುವ ರಾಮಾಚಾರಿಯ ಕಥೆ ಅದು. ಅಲಮೇಲು ಬೇರೆ ಜಾತಿಯವಳು, ಚಾಮಯ್ಯ ಮೇಷ್ಟ್ರ ಮಾತಿಗೆ ಅವಳನ್ನು ಬಿಟ್ಟುಕೊಡುತ್ತಾನೆ. ಆಮೇಲೆ ಅವಳ ಬಾಳು ಹಾಳಾದದ್ದನ್ನು ಕಣ್ಣಾರೆ ಕಾಣುತ್ತಾನೆ. ಮಾರ್ಗರೆಟ್ ಕ್ರೈಸ್ತ ಹುಡುಗಿ, ಆ ಪ್ರೀತಿಯನ್ನು ಮೇಷ್ಟ್ರೂ ಒಪ್ಪುವುದಿಲ್ಲ. ಸಿನಿಮಾದ ಕೊನೆಗೆ ಬೆಟ್ಟದ ಮೇಲಿಂದ ಮೂವರಲ್ಲಿ ಒಬ್ಬರೂ ಕೆಳಗೆ ಇಳಿದು ಬರುವುದಿಲ್ಲ. ಕೋಟೆ ನೋಡಲು ಹೋದ ಪ್ರತಿ ಶಾಲಾ ಪ್ರವಾಸದಲ್ಲೂ ಯಾರಾದರೂ ಒಬ್ಬರು ‘ಇಲ್ಲೇ ಶೂಟಿಂಗ್ ಮಾಡಿದ್ದು’ ಎಂದು ತೋರಿಸುತ್ತಾರೆ. ನಾವು ಬಂಡೆ ನೋಡಿ ಫೋಟೋ ತೆಗೆಸಿಕೊಂಡು ಬರುತ್ತೇವೆ.

ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾವೇ ಇಂಥ ಸುದ್ದಿ ಟೈಪ್ ಮಾಡಿದ್ದೇವೆ. ‘ಪ್ರೇಮ ಪ್ರಕರಣ’ ಎಂದು ಎರಡೇ ಪದದ ಶೀರ್ಷಿಕೆ, ನಾಲ್ಕು ಸಾಲಿನ ಸುದ್ದಿ, ಒಳಪುಟದ ಮೂಲೆ. ಆ ನಾಲ್ಕು ಸಾಲಿನಲ್ಲಿ ಹುಡುಗಿಗೆ ಯಾವ ಹಾಡು ಇಷ್ಟ, ಹುಡುಗ ಮಾತುಗಾರನೋ ಮೌನಿಯೋ, ಮೊದಲು ಯಾಕೆ ಜಗಳ ಆಡಿದರು, ಯಾವುದಕ್ಕೂ ಜಾಗ ಇರುವುದಿಲ್ಲ. ಪ್ರೇಮ ಕಾದಂಬರಿ ನೂರೈವತ್ತು ಪುಟ ಕೊಡುವುದು ಆ ವಿವರಗಳಿಗೇ. ನಗುವವರು ನಗಲಿ, ನಮಗೆ ಆ ಪುಸ್ತಕಗಳ ಮೇಲೆ ಗೌರವ ಬಂದದ್ದು ಆ ಮೂಲೆಯ ಸುದ್ದಿ ಟೈಪ್ ಮಾಡಿದ ಮೇಲೆ.

ಈ ಬರಹ ಇಲ್ಲಿಗೇ ಮುಗಿಯಬೇಕಿತ್ತು. ಹಾಸ್ಟೆಲ್‌ನ ಗೆಳತಿಯ ಕಥೆ ಹೇಳಿ, ಅವಳ ಓದು ನಿಂತದ್ದಕ್ಕೆ ಮರುಗಿ, ನಾಲ್ಕು ಬುದ್ಧಿಮಾತು ಹೇಳಿ ಮುಗಿಸುವುದು ಎಂದುಕೊಂಡಿದ್ದೆವು. ಬರೆಯುವ ಮೊದಲು ಅವಳನ್ನು ಕೇಳಬೇಕಲ್ಲ ಎಂದು ನಾವಿಬ್ಬರು ಅವಳ ಊರಿಗೆ ಹೋದೆವು.

ಅವಳು ಹಸುವಿಗೆ ಹಿಂಡಿ ಕಲಸುತ್ತಿದ್ದಳು. ಮಗಳಿಗೆ ಐದು ವರ್ಷ, ಅಮ್ಮನ ಹಾಗೇ ಬಾಯಿಬಡುಕಿ. ಗಂಡ ನಮಗೆ ಮಜ್ಜಿಗೆ ಕೊಟ್ಟು, “ಕೂತ್ಕಳಿ,” ಎಂದು ಒಂದೇ ಮಾತಾಡಿ ತೋಟಕ್ಕೆ ಹೋದರು.

ನಾವು ಬರೆದದ್ದನ್ನು ಓದಿ ಹೇಳಿದೆವು. ಅರ್ಧಕ್ಕೇ ತಡೆದಳು.

“ನಿಲ್ಸ್ರೇ. ನಾನು ಸತ್ತುಹೋದೆ ಅನ್ನೋ ಹಂಗೆ ಬರ್ದಿದೀರಲ್ಲ!”

ನಮಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

“ಓದು ನಿಲ್ಸಿದ್ದು ನಂಗೆ ಸಿಟ್ಟೇ. ಇವತ್ತಿಗೂ ಸಿಟ್ಟು. ಅದನ್ನ ಬರೀರಿ. ಆದ್ರೆ ಅಷ್ಟಕ್ಕೇ ನನ್ನ ಮುಗಿಸ್ಬೇಡಿ,” ಎಂದಳು. ಮಗಳು ಹುಟ್ಟಿದ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಕಟ್ಟಿ, ಪಾಸು ಮಾಡಿದ್ದಾಳೆ. ನಮಗೆ ಗೊತ್ತೇ ಇರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಮಗುವನ್ನು ಎತ್ತಿಕೊಂಡು ಕೇಂದ್ರದ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದವರು ಆ ಒಂದೇ ಮಾತಿನ ಗಂಡ. ಈಗ ಹಾಲಿನ ಡೇರಿಯ ಲೆಕ್ಕ ಬರೆಯುತ್ತಾಳೆ. ರಾತ್ರಿ ಫೋನಿನಲ್ಲಿ ಪ್ರತಿಲಿಪಿ ತೆಗೆದು ಕಥೆ ಓದುತ್ತಾಳೆ, ಮೊದಲಿನಂತೆ ಜೋರಾಗಿ. ಅತ್ತೆ ಪಕ್ಕದಲ್ಲಿ ಕೂತು ಕೇಳುತ್ತಾರೆ. ಅತ್ತೆಯ ಪಾತ್ರ ಬಂದರೆ ಯಾರ ಧ್ವನಿಯಲ್ಲಿ ಓದುತ್ತೀ ಎಂದು ಕೇಳಿದೆವು. “ಅದು ಮಾತ್ರ ಮನಸ್ಸಲ್ಲೇ ಓದ್ಕಂತೀನಿ,” ಎಂದು ನಕ್ಕಳು.

“ನಿಮ್ಮದೂ ಎಣ್ಣೆ ಸೀಗೇಕಾಯಿ ಜೋಡಿನೇ ಅಲ್ವೇನೆ?” ಎಂದೆವು.

“ಹೂಂ. ನಾನು ಮಾತು, ಅವ್ರು ಮೌನ. ಕಥೇಲಿ ಮುನ್ನೂರನೇ ಪುಟಕ್ಕೆ ಹುಡುಗ ಬಾಯಿ ಬಿಡ್ತಾನೆ. ಇವ್ರು ಇನ್ನೂ ಬಿಟ್ಟಿಲ್ಲ.” ಸ್ವಲ್ಪ ಹೊತ್ತು ಹಿಂಡಿ ಕಲಸಿ, ಮತ್ತೆ ಹೇಳಿದಳು: “ಒಳ್ಳೆಯವರು ಕಣ್ರೇ. ಆದ್ರೆ ಅದು ನನ್ನ ಅದೃಷ್ಟ. ನನ್ನನ್ನ ಯಾರೂ ಕೇಳಿರ್ಲಿಲ್ಲ. ಕೆಟ್ಟವರು ಸಿಕ್ಕಿದ್ರೂ ಕೇಳ್ತಿರ್ಲಿಲ್ಲ.”

ನಾವು ಐವರು ಇಷ್ಟು ಪುಟ ಬರೆದು ಹೇಳಲು ಒದ್ದಾಡಿದ್ದು ಇದನ್ನೇ. ಗಂಡ ಒಳ್ಳೆಯವನೋ ಅಲ್ಲವೋ, ಸ್ವಭಾವ ಕೂಡಿತೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಡಿಂಪಲ್ ಕಾಫಿ ಎರಚಿದ್ದು ರಿಷಿ ಕೆಟ್ಟವನು ಅಂತ ಅಲ್ಲ. ತನ್ನನ್ನು ಕೇಳಲಿಲ್ಲ ಅಂತ.

ಹೊರಡುವಾಗ ಕೊನೆಗೂ ಕೇಳಿಯೇಬಿಟ್ಟೆವು. “ಆ ‘ಇತಿಹಾಸ’ ಏನಾಯ್ತೆ? ಕೊನೆ ಮೂವತ್ತು ಪುಟ?”

“ಮದುವೆ ಆಗಿ ವಾರಕ್ಕೇ ಓದಿ ಮುಗಿಸ್ದೆ. ಮದುವೆ ಆಗ್ತಾರೆ, ಇನ್ನೇನಾಗುತ್ತೆ!” ಎಂದಳು. ಆಮೇಲೆ, “ಅಲ್ಲಿಂದ ಮುಂದಕ್ಕೆ ಅವಳು ಏನು ಮಾಡಿದ್ಲು ಅಂತ ಮಾತ್ರ ಬರ್ದಿಲ್ಲ,” ಎಂದಳು.

ಪುಸ್ತಕ ಒಳಗಿನಿಂದ ತಂದು ಕೊಟ್ಟಳು. ಬೈಂಡು ಹೋಗಿದೆ. ಮಗಳು ಕೊನೆಯ ರಟ್ಟಿನ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ಹಸು ಬಿಡಿಸಿದ್ದಾಳೆ. ಊರಿಗೆ ವಾಪಸಾಗುವ ಬಸ್ಸಿನಲ್ಲಿ ನಾವಿಬ್ಬರೂ ಆ ಮೂವತ್ತು ಪುಟ ಓದಿದೆವು. ಅವಳು ಓದಿದ ಹಾಗೆ ಇರಲಿಲ್ಲ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಈ ಸಲ ಪಿಯುಸಿ ಮುಗಿಸಿದ ಹುಡುಗಿ ಇದ್ದರೆ ಒಮ್ಮೆ ಅವಳನ್ನೇ ಕೇಳಿ, ಮುಂದೇನು ಅಂತ. ಫಲಿತಾಂಶ ಬರುವವರೆಗಾದರೂ ಕಾಯಿರಿ. ಹದಿನೆಂಟು ತುಂಬದವಳಿಗೆ ಮದುವೆ ಗೊತ್ತು ಮಾಡಿದ್ದರೆ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಅವಳ ತಲೆದಿಂಬಿನ ಕೆಳಗೆ ಇತಿಹಾಸದ ಬೈಂಡು ಹಾಕಿದ ಪುಸ್ತಕ ಸಿಕ್ಕರೆ ಬೈಯಬೇಡಿ. ಓದಿ ಮುಗಿಸಲಿ.